ಏರಿದ ಬೆಲೆ ಯಾರ ದುಡಿಮೆ?

ಹುಬ್ಬಳ್ಳಿಯಲ್ಲಿ ನೌಕರಿ ಮುಗಿಸಿದವನ ಕೈಗೆ ಗ್ರಾಚ್ಯುಟಿ ದುಡ್ಡು ಬಂತೆಂದರೆ ಸಲಹೆಗಳಿಗೆ ಬರವಿಲ್ಲ. ಬ್ಯಾಂಕಿನಲ್ಲಿ ಇಡು ಎನ್ನುವವರು ಕಡಿಮೆ. ಬಂಗಾರ ಎನ್ನುವವರು ಮನೆಯೊಳಗಿನವರು. ಉಳಿದವರೆಲ್ಲ ಆಡುವುದು ಜಾಗದ ಮಾತು. ಆ ಮಾತಿನಲ್ಲಿ ನನ್ನ ಕಿವಿಗೆ ಈಚೆಗೆ ಮತ್ತೆ ಮತ್ತೆ ಬೀಳುತ್ತಿರುವ ಹೆಸರು ತಾರಿಹಾಳ. ಗೋಕುಲ ರಸ್ತೆ ಹಿಡಿದು ವಿಮಾನ ನಿಲ್ದಾಣದ ಆಚೆಗೆ ಹೋದರೆ, ಬೈಪಾಸಿನ ಮಗ್ಗುಲಲ್ಲಿ ಸಿಗುವ ಊರು. ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಈಗ ಅದರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಕೆಐಎಡಿಬಿಯ ಕೈಗಾರಿಕಾ ಪ್ರದೇಶ, ಅದರ ಶೆಡ್ಡುಗಳು, ಪಾಳಿ ಮುಗಿಸಿ ಹೊರಬರುವ ಕೆಲಸಗಾರರು.

"ಈಗ ತಗೊಂಡ್ರ ತಗೊಂಡಂಗ ನೋಡ್ರಿ ಸರ್. ಕೆಳಗ ಎರಡು, ಮ್ಯಾಲ ಎರಡು ಮನಿ ಕಟ್ಟಿ ಬಾಡಿಗಿ ಕೊಟ್ಟುಬಿಡ್ರಿ. ಕುಂತಲ್ಲೇ ರೊಕ್ಕ ಬರ್ತದ." ಪ್ಲಾಟು ತೋರಿಸುವ ಏಜೆಂಟರು ಇದನ್ನು ಎಷ್ಟು ಸಲ ಹೇಳಿರುತ್ತಾರೋ, ಹೇಳುವಾಗ ಮುಖದಲ್ಲಿ ಒಂದಿಷ್ಟೂ ಅನುಮಾನ ಇರುವುದಿಲ್ಲ. ಕೇಳುವವರಿಗೂ ಇರುವುದಿಲ್ಲ. ಅಷ್ಟು ಸಹಜವಾಗಿ ಒಪ್ಪಿಕೊಂಡ ಮಾತು ಅದು. ನನಗೆ ಮಾತ್ರ ಅಲ್ಲೇ ಒಂದು ಮುಳ್ಳು ಚುಚ್ಚುತ್ತದೆ. ಕುಂತಲ್ಲೇ ಬರುವ ರೊಕ್ಕ ಎಲ್ಲಿಂದ ಬರುತ್ತದೆ? ನಾನು ಕುಳಿತಿದ್ದೇನೆಂದರೆ ಅದಕ್ಕಾಗಿ ಯಾರೋ ನಿಂತಿರಲೇಬೇಕಲ್ಲ.

ಮೊದಲು ಲೆಕ್ಕ ಹಾಕಿ ನೋಡೋಣ. ಜಾಗ, ಕಟ್ಟಡ ಎರಡೂ ಸೇರಿ 60 ಲಕ್ಷ ರೂಪಾಯಿ ಹಾಕಿದಿರಿ ಎಂದಿಟ್ಟುಕೊಳ್ಳಿ. ನಾಲ್ಕು ಸಣ್ಣ ಮನೆ, ತಿಂಗಳಿಗೆ ತಲಾ 5,000 ಬಾಡಿಗೆ. ವರ್ಷಕ್ಕೆ 2 ಲಕ್ಷ 40 ಸಾವಿರ. ಹಾಕಿದ ಹಣಕ್ಕೆ ನೂರಕ್ಕೆ ನಾಲ್ಕು. ಒಂದೆರಡು ತಿಂಗಳು ಒಂದು ಮನೆ ಖಾಲಿ ಬೀಳುತ್ತದೆ, ಬೋರಿನ ಮೋಟಾರು ಸುಡುತ್ತದೆ, ಬಿಟ್ಟುಹೋದವರ ಅಡುಗೆಮನೆಗೆ ಸುಣ್ಣ ಹಚ್ಚಬೇಕಾಗುತ್ತದೆ. ಎಲ್ಲ ಕಳೆದು ನೂರಕ್ಕೆ ಮೂರು ಉಳಿದರೆ ಪುಣ್ಯ. ಅದೇ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿ ಇಟ್ಟು ನಿದ್ದೆ ಮಾಡಿದ್ದರೂ ಅದರ ದುಪ್ಪಟ್ಟು ಬರುತ್ತಿತ್ತು. ಸಾಲ ಮಾಡಿ ಕಟ್ಟಿದವನ ಪಾಡಂತೂ ಬೇರೆ: ಬಾಡಿಗೆ ಕೊಟ್ಟು ಬರುವುದಕ್ಕಿಂತ ಬ್ಯಾಂಕಿಗೆ ಬಡ್ಡಿ ಕಟ್ಟಿ ಹೋಗುವುದೇ ಹೆಚ್ಚು. ಇದೇನೂ ಗುಟ್ಟಲ್ಲ, ಕೊಳ್ಳುವವರಿಗೆ ಇದು ಗೊತ್ತು. ಗೊತ್ತಿದ್ದೂ ಕೊಳ್ಳುತ್ತಾರೆ. ಯಾಕೆಂದರೆ ಅವರು ಕೊಳ್ಳುತ್ತಿರುವುದು ಬಾಡಿಗೆಯನ್ನಲ್ಲ, ಹತ್ತು ವರ್ಷದ ಮೇಲಿನ ಬೆಲೆಯನ್ನು. ಬಾಡಿಗೆ ಎಂಬುದು ಆ ಕಾಯುವಿಕೆಯ ನಡುವೆ ಕೈಗೆ ಸಿಗುವ ಚಹಾದ ಖರ್ಚು.

ಆ ಬೆಲೆಯನ್ನು ಏರಿಸುವವರು ಯಾರು? ಮನೆಯ ಯಜಮಾನ ಖಂಡಿತ ಅಲ್ಲ. ಅವನು ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಇದ್ದಾನೆ, ಬೆಂಗಳೂರಿನಲ್ಲಿದ್ದರೂ ಆಶ್ಚರ್ಯವಿಲ್ಲ. ಈ ಭಾಗದ ಈಚಿನ ಚರಿತ್ರೆಯನ್ನು ಸುಮ್ಮನೆ ಹಿಂದಿರುಗಿ ನೋಡಿದರೆ ಸಾಕು. 2017ರ ಕೊನೆಯಲ್ಲಿ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಬಂತು. ಮರುವರ್ಷ ಉಡಾನ್ ಯೋಜನೆಯ ವಿಮಾನಗಳು ಹಾರತೊಡಗಿದವು. 2020ರ ಫೆಬ್ರುವರಿಯಲ್ಲಿ ಅವಳಿ ನಗರದ ನಡುವಿನ ಬಿಆರ್‌ಟಿಎಸ್ ಬಸ್ಸುಗಳ ವಿಧಿವತ್ ಉದ್ಘಾಟನೆ ಆಯಿತು. 2023ರ ಮಾರ್ಚಿನಲ್ಲಿ ಐಐಟಿಯ ಕಾಯಂ ಆವರಣ, ಅದೇ ದಿನ ಹುಬ್ಬಳ್ಳಿ ರೈಲು ನಿಲ್ದಾಣದ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರಂ. ಮರುವರ್ಷ ಮಾರ್ಚಿನಲ್ಲಿ ವಿಮಾನ ನಿಲ್ದಾಣದ ಇನ್ನೂ ದೊಡ್ಡ ಟರ್ಮಿನಲ್ಲಿಗೆ ಅಡಿಗಲ್ಲು. ಇವುಗಳಲ್ಲಿ ಒಂದಕ್ಕಾದರೂ ತಾರಿಹಾಳದ ಪ್ಲಾಟಿನ ಮಾಲೀಕ ಸಲಿಕೆ ಹಿಡಿದಿಲ್ಲ. ಎಲ್ಲ ತೆರಿಗೆದಾರರಂತೆ ಒಂದು ಪಾಲು ಕೊಟ್ಟಿರಬಹುದು. ಅವನ ಮನೆಯಲ್ಲಿ ಬಾಡಿಗೆಗೆ ಇರುವವನೂ ಸೋಪು, ಪೆಟ್ರೋಲಿನ ಮೇಲೆ ಅದೇ ಪಾಲು ಕೊಟ್ಟಿದ್ದಾನೆ. ಏರಿದ ಬೆಲೆ ಮಾತ್ರ ಒಬ್ಬನ ಪಹಣಿಗೆ, ಒಬ್ಬನ ಖಾತೆಗೆ ಹೋಗಿ ಕೂರುತ್ತದೆ.

ಇದನ್ನು ಮೊದಲು ಕಂಡವನು ನಾನಲ್ಲ. ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ 1817ರಲ್ಲೇ ಭೂಮಿಯ ಬಾಡಿಗೆ ಮಾಲೀಕನ ಶ್ರಮದಿಂದ ಹುಟ್ಟುವುದಿಲ್ಲ, ಬೇರೆ ಭೂಮಿಗೆ ಹೋಲಿಸಿದಾಗ ಈ ಭೂಮಿಗಿರುವ ಅನುಕೂಲದಿಂದ ಹುಟ್ಟುತ್ತದೆ ಎಂದು ಬಿಡಿಸಿ ತೋರಿಸಿದ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಊರು ಬೆಳೆದು ಹೆಚ್ಚಾದ ಭೂಮಿಯ ಬೆಲೆ ಊರಿಗೇ ಸೇರಬೇಕು, ಅದನ್ನು ತೆರಿಗೆಯಾಗಿ ವಾಪಸು ಪಡೆಯಬೇಕು ಎಂದು ವಾದಿಸಿದ. ಅವನ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಅವನ ತೆರಿಗೆಯನ್ನು ಮಾತ್ರ ಹೆಚ್ಚಿನ ದೇಶಗಳು ಮುಟ್ಟಲಿಲ್ಲ. ನಮ್ಮಲ್ಲೂ ಈ ತಿಳಿವಳಿಕೆ ಇಲ್ಲವೆಂದಲ್ಲ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬೆಟರ್‌ಮೆಂಟ್ ತೆರಿಗೆ ಎಂಬ ಕಲಮು ಇದೆ. ಪ್ರಾಧಿಕಾರದ ಯೋಜನೆಯಿಂದ ನಿಮ್ಮ ಜಾಗದ ಬೆಲೆ ಏರಿದರೆ ಏರಿದ್ದರಲ್ಲಿ ಒಂದು ಪಾಲು ಕೊಡಿ ಎಂಬುದು ಅದರ ತಿರುಳು. ಅಂದರೆ ಏರಿಕೆ ನಿಮ್ಮದಲ್ಲ ಎಂಬುದು ಸರಕಾರಕ್ಕೂ ಗೊತ್ತು.

ಇಲ್ಲಿಂದ ಮುಂದೆ ನನ್ನ ಯೋಚನೆ ತಾರಿಹಾಳದ ಪ್ಲಾಟಿನಿಂದ ತಾರಿಹಾಳದ ಹೊಲಕ್ಕೆ ಹೋಗುತ್ತದೆ. ಈ ನೆಲಕ್ಕೆ ಬಾಡಿಗೆಯ ಪ್ರಶ್ನೆ ಹೊಸದಲ್ಲ. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕುವುದು, ಪಾಲಿಗೆ ಹಾಕುವುದು ಎಂದು ಹೇಳುತ್ತಾರೆ, ಮಲೆನಾಡು, ಕರಾವಳಿಯವರು ಗೇಣಿ ಎನ್ನುತ್ತಾರೆ. ಒಡೆಯ ಊರಲ್ಲೋ ಪಟ್ಟಣದಲ್ಲೋ ಕುಳಿತಿರುತ್ತಿದ್ದ, ರೈತ ಉತ್ತಿ ಬಿತ್ತಿ ಬೆಳೆದು ಸುಗ್ಗಿಯಲ್ಲಿ ಚೀಲಗಳನ್ನು ಒಡೆಯನ ಮನೆಗೆ ಹೊತ್ತು ಹಾಕುತ್ತಿದ್ದ. ಹುಬ್ಬಳ್ಳಿ ಮುಂಬಯಿ ಆಡಳಿತದಲ್ಲಿದ್ದಾಗ ಮನೆಯ ಬಾಡಿಗೆಗೆ 1947ರ ಕಾಯ್ದೆ, ಹೊಲದ ಲಾವಣಿಗೆ 1948ರ ಕಾಯ್ದೆ ಇದ್ದವು. ರಾಜ್ಯ ಒಂದಾದ ಮೇಲೆ ಇಲ್ಲಿನ ಸರಕಾರ ತನ್ನದೇ ಎರಡು ಕಾಯ್ದೆ ಮಾಡಿತು: ಒಂದು ಭೂಸುಧಾರಣಾ ಕಾಯ್ದೆ, ಇನ್ನೊಂದು ಬಾಡಿಗೆ ನಿಯಂತ್ರಣ ಕಾಯ್ದೆ. ಎರಡರ ಹೆಸರಿನಲ್ಲೂ 1961 ಎಂಬ ಒಂದೇ ಇಸವಿ ಇದೆ. ಒಂದೇ ಶಾಸನಸಭೆ, ಒಂದೇ ಕಾಲ, ಇಬ್ಬರು ಬಾಡಿಗೆದಾರರು. ಒಬ್ಬ ಹೊಲದಲ್ಲಿದ್ದವನು, ಒಬ್ಬ ಮನೆಯಲ್ಲಿದ್ದವನು.

ಅವರಿಬ್ಬರ ದಾರಿ ಮುಂದೆ ಎಷ್ಟು ಬೇರೆಯಾಯಿತು ನೋಡಿ. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಲಾವಣಿಗೆ ಇದ್ದ ಹೊಲಗಳೆಲ್ಲ ಸರಕಾರಕ್ಕೆ ಸೇರಿದವು. 7ನೇ ನಮೂನೆ ತುಂಬಿ ಕೊಟ್ಟ ರೈತ ಭೂ ನ್ಯಾಯಮಂಡಳಿಯ ಮುಂದೆ ನಿಂತು ಆ ಹೊಲದ ಒಡೆಯನಾದ. ಉಳುವವನೇ ಒಡೆಯ ಎಂಬ ಘೋಷಣೆ ಕಾನೂನಾಯಿತು. ಮನೆಯ ಬಾಡಿಗೆದಾರನಿಗೆ ಮಾತ್ರ ಯಾರೂ ಇರುವವನೇ ಒಡೆಯ ಎನ್ನಲಿಲ್ಲ. ಅವನಿಗೆ ಸಿಕ್ಕಿದ್ದು ಸುಮ್ಮಸುಮ್ಮನೆ ಹೊರಹಾಕುವಂತಿಲ್ಲ, ಮನಸ್ಸಿಗೆ ಬಂದಷ್ಟು ಬಾಡಿಗೆ ಏರಿಸುವಂತಿಲ್ಲ ಎಂಬ ರಕ್ಷಣೆ ಅಷ್ಟೆ. 1999ರ ಹೊಸ ಬಾಡಿಗೆ ಕಾಯ್ದೆ ಅದನ್ನೂ ಸಡಿಲಿಸಿತು. ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆ ದೊಡ್ಡ ನಗರಗಳಲ್ಲೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಇವತ್ತು 3,500ಕ್ಕೆ ಎಂಥ ಮನೆ ಸಿಕ್ಕೀತು ಎಂದು ಊಹಿಸಿಕೊಳ್ಳಿ. ಉಳಿದವರಿಗೆಲ್ಲ ಇರುವುದು 1882ರಲ್ಲಿ ಬ್ರಿಟಿಷರು ಮಾಡಿದ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಬಾಂಡ್ ಪೇಪರಿನ ಮೇಲಿನ 11 ತಿಂಗಳ ಕರಾರು. ಹನ್ನೊಂದೇ ಯಾಕೆ? ಒಂದು ವರ್ಷ ದಾಟಿದ ಕರಾರನ್ನು 1908ರ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು, ಶುಲ್ಕ ಕಟ್ಟಬೇಕು. ಹಾಗಾಗಿ ನಮ್ಮ ಬಾಡಿಗೆದಾರನ ಕ್ಯಾಲೆಂಡರಿನಲ್ಲಿ ಹನ್ನೆರಡನೆಯ ತಿಂಗಳು ಇಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಸುಲಭಕ್ಕೆ ಸಿಗುತ್ತದೆ. ಹೊಲವನ್ನು ಯಾರೂ ಕಟ್ಟಲಿಲ್ಲ, ಮನೆಯನ್ನು ಯಾರೋ ಕಟ್ಟಿದ್ದಾರೆ. ಕಲ್ಲು, ಮರಳು, ಗೌಂಡಿಯ ಕೂಲಿ, ಸೆಂಟ್ರಿಂಗಿನ ಬಾಡಿಗೆ ಎಲ್ಲ ಯಾರದೋ ಉಳಿತಾಯದಿಂದ ಬಂದದ್ದು. ಕಟ್ಟಿದವನಿಂದ ಕಸಿದರೆ ನಾಳೆ ಯಾರೂ ಕಟ್ಟುವುದಿಲ್ಲ. ವಾದ ಸರಿಯಾಗಿದೆ, ನಾನೂ ಒಪ್ಪುತ್ತೇನೆ. ಆದರೆ ಈ ವಾದ ಕಾಪಾಡುವುದು ಗೋಡೆಯನ್ನು, ಗೋಡೆಯ ಕೆಳಗಿನ ನೆಲವನ್ನಲ್ಲ. ಗೋಡೆ ವರ್ಷ ಕಳೆದಂತೆ ಹಳತಾಗಿ ಬೆಲೆ ಕಳೆದುಕೊಳ್ಳುತ್ತದೆ. ಬೆಲೆ ಏರುವುದು ನೆಲದ್ದು. ತಾರಿಹಾಳದಲ್ಲಿ ಹತ್ತು ವರ್ಷದ ಮೇಲೆ ಸಿಗುವ ಲಾಭವೆಂದು ಏಜೆಂಟ ತೋರಿಸುವ ಅಂಕಿಯಲ್ಲಿ ಹೆಚ್ಚಿನ ಪಾಲು ಯಾರೂ ಕಟ್ಟದ ಆ ನೆಲದ್ದು.

ಚರಿತ್ರೆ ಇಲ್ಲಿ ಇನ್ನೊಂದು ಸುತ್ತು ಬಂದಿದೆ. ಕೃಷಿಕರಲ್ಲದವರು ಹೊಲ ಕೊಳ್ಳುವಂತಿಲ್ಲ ಎಂದು ಭೂಸುಧಾರಣಾ ಕಾಯ್ದೆಯಲ್ಲಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಹುಬ್ಬಳ್ಳಿಯಂಥ ಊರುಗಳ ಸುತ್ತ ಹೊಲಗಳು ಅದಕ್ಕೂ ಮುಂಚಿನಿಂದಲೇ ಗುಂಟೆ ಗುಂಟೆಯಾಗಿ ಒಡೆಯುತ್ತಿದ್ದವು. ಗುಂಟಾ ಪ್ಲಾಟು ಎಂಬ ಹೆಸರಿನಲ್ಲಿ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಜಾಗವನ್ನು ಮಾರುವ ಚಾಳಿ ಇಲ್ಲಿ ಹಳೆಯದು. ಲಾವಣಿ ರೈತನಾಗಿದ್ದು 1974ರಲ್ಲಿ ಒಡೆಯನಾದವನ ಮೊಮ್ಮಗ ಇವತ್ತು ಹೊಲ ಮಾರಿ, ಉಳಿದ ಒಂದೆರಡು ಗುಂಟೆಯಲ್ಲಿ ಸಾಲುಕೋಣೆ ಕಟ್ಟಿ ಬಾಡಿಗೆ ಎಣಿಸುತ್ತಿದ್ದರೆ ಅವನನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಮಳೆಯನ್ನು ನಂಬಿದ ಹೊಲ, ಒಂದು ವರ್ಷ ಹೆಸರು ಕೈಕೊಟ್ಟರೆ ಇನ್ನೊಂದು ವರ್ಷ ಹತ್ತಿ ಕೈಕೊಡುತ್ತದೆ. ತಿಂಗಳ ಮೊದಲ ವಾರಕ್ಕೆ ತಪ್ಪದೆ ಬರುವ ಬಾಡಿಗೆ ಅವನ ಮನೆತನ ಕಂಡ ಮೊದಲ ಸಂಬಳ. ಅಜ್ಜನ ಕಾಲದಲ್ಲಿ ಚೀಲ ಹೊತ್ತವರು ಈಗ ಚೀಲ ಎಣಿಸುವ ಕಡೆ ನಿಂತಿದ್ದಾರೆ, ಅಷ್ಟೆ. ಹೊರುವವರು ಬೇರೆ ಯಾರೋ ಬಂದಿದ್ದಾರೆ.

ಯಾರು ಬಂದಿದ್ದಾರೆ? ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಐಟಿಐ ಪಾಸಾಗಿ ಬಂದ ಹುಡುಗರು. ಉತ್ತರ ಪ್ರದೇಶ, ಬಿಹಾರ, ಒಡಿಶಾದಿಂದ ರೈಲು ಹತ್ತಿ ಬಂದವರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ಅವರಲ್ಲಿ ಹಲವರು ದಿನಾ ಟಂಟಂನಲ್ಲಿ ಬಂದುಹೋಗುವವರು. 2022ರ ಜುಲೈನಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕೇಕಿನ ಮೇಲೆ ಹಚ್ಚುವ ಕಿಡಿ ಮೇಣದಬತ್ತಿ ತಯಾರಿಸುವ ಘಟಕಕ್ಕೆ ಬೆಂಕಿ ಬಿದ್ದು ಇಂಥ ಕೆಲಸಗಾರರು ಸತ್ತರು. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆಂದು ದುಡಿಯುತ್ತಿದ್ದವರು. ಅದಕ್ಕೆ ಎರಡು ತಿಂಗಳು ಮೊದಲು ತಾರಿಹಾಳ ಬೈಪಾಸಿನಲ್ಲಿ ಬಸ್ಸು, ಲಾರಿ ಡಿಕ್ಕಿಯಾಗಿ ನಡುರಾತ್ರಿ ಹಲವರು ಪ್ರಾಣ ಬಿಟ್ಟಿದ್ದರು. ಬೆಳೆಯುತ್ತಿರುವ ಪ್ರದೇಶ ಎಂದು ಬ್ರೋಷರಿನಲ್ಲಿ ಅಚ್ಚಾಗುವ ಬೆಳವಣಿಗೆಯ ಖರ್ಚು ಹೀಗೂ ಬರುತ್ತದೆ, ಅದರ ಬಿಲ್ಲು ಬೇರೆಯವರ ಹೆಸರಿಗೆ.

ಕೈಗಾರಿಕಾ ಪ್ರದೇಶಗಳ ನಕ್ಷೆಯನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರುತ್ತದೆ. ಯಂತ್ರಕ್ಕೆ ಜಾಗ ಇರುತ್ತದೆ, ಗೋದಾಮಿಗೆ ಇರುತ್ತದೆ, ಲಾರಿ ತಿರುಗಲು ಇರುತ್ತದೆ. ಯಂತ್ರ ನಡೆಸುವವನು ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದಕ್ಕೆ ಸಿಗುವ ಜಾಗ ಬಹಳ ಕಡಿಮೆ. ಹುಬ್ಬಳ್ಳಿಯ ಹಳೆಯ ಕಾಲ ಈ ವಿಷಯದಲ್ಲಿ ಒಂದಿಷ್ಟು ಮೇಲಿತ್ತು. ರೈಲ್ವೆ ತನ್ನ ವರ್ಕ್‌ಶಾಪಿನ ಜೊತೆಗೇ ಕ್ವಾರ್ಟರ್ಸ್ ಕಟ್ಟಿತು. ಈಗಿನ ಕಾರ್ಖಾನೆ ಆ ಹೊಣೆಯನ್ನು ಪಕ್ಕದ ಹಳ್ಳಿಯ ಖಾಸಗಿ ಮಾಲೀಕನ ಹೆಗಲಿಗೆ ದಾಟಿಸಿಬಿಟ್ಟಿದೆ. ತಾರಿಹಾಳದಲ್ಲಿ ಬಾಡಿಗೆ ಮನೆ ಕಟ್ಟುವವನು ಒಂದು ಅರ್ಥದಲ್ಲಿ ಕಾರ್ಖಾನೆ ಮಾಡಬೇಕಿದ್ದ ಕೆಲಸವನ್ನು ಮಾಡುತ್ತಿದ್ದಾನೆ. ಇದನ್ನು ಅವನ ಪರವಾಗಿ ಹೇಳಲೇಬೇಕು. ಅವನಿಗೂ ಆತಂಕ ಕಡಿಮೆಯಿಲ್ಲ. ಎರಿ ಭೂಮಿಯಾದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿದು ಗೋಡೆ ಸೀಳುತ್ತದೆ. ಬುನಾದಿಗೆ ಎಂದುಕೊಂಡದ್ದಕ್ಕಿಂತ ಹೆಚ್ಚು ಸುರಿಯಬೇಕು. ಕಾರ್ಖಾನೆ ಒಂದು ಪಾಳಿ ನಿಲ್ಲಿಸಿದರೆ ನಾಲ್ಕು ಕೋಣೆ ಖಾಲಿ. ಬರುತ್ತಾರೆಂದು ನಂಬಿದವರು ಬಾರದೆಯೂ ಇರಬಹುದು. ಗೋಕುಲ ರಸ್ತೆಯಲ್ಲಿ ಇನ್ಫೊಸಿಸ್ ಆವರಣ ಎದ್ದು ನಿಂತ ಮೇಲೂ ಎಷ್ಟೋ ಕಾಲ ಅಲ್ಲಿ ಹೇಳಿಕೊಳ್ಳುವಂಥ ಓಡಾಟ ಇರಲಿಲ್ಲ, ಕೆಲಸ ಶುರುವಾದದ್ದು 2022ರಲ್ಲಿ. ಅದನ್ನು ನಂಬಿ ಸುತ್ತ ಮನೆ ಕಟ್ಟಿಸಿದವರು ಬಡ್ಡಿ ಕಟ್ಟುತ್ತ ಕಾದರು.

ಹಾಗಿದ್ದರೆ ಬಾಡಿಗೆ ಎಂಬುದು ಕಾಯಕವೇ? ಬಸವಣ್ಣನ ನಾಡಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಶರಣರ ನಡುವೆ ದೋಣಿ ನಡೆಸುವವನಿದ್ದ, ಹಗ್ಗ ಹೊಸೆಯುವವನಿದ್ದ, ಚಪ್ಪಲಿ ಹೊಲಿಯುವವನಿದ್ದ. ಮನೆ ಬಾಡಿಗೆ ಕೊಟ್ಟು ಬದುಕಿದ ಶರಣನೊಬ್ಬ ನನಗಂತೂ ನೆನಪಾಗುವುದಿಲ್ಲ. ನೆನಪಾಗುವುದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆರಿಸಿ ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆ ದಿನ ಬೇಕೆಂದೇ ಹೆಚ್ಚು ಚೆಲ್ಲಿಸಲಾಗಿತ್ತು ಎನ್ನುತ್ತದೆ ಕಥೆ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಎಲ್ಲರೂ ಇದನ್ನು ಅತಿಯಾಸೆಯ ವಿರುದ್ಧದ ಕಥೆಯೆಂದು ಹೇಳಿ ಮುಗಿಸುತ್ತಾರೆ. ನನಗೆ ಅದರಲ್ಲಿ ಇನ್ನೂ ಸೂಕ್ಷ್ಮವಾದ ಲೆಕ್ಕ ಕಾಣುತ್ತದೆ. ಮಾರಯ್ಯ ಕದ್ದಿರಲಿಲ್ಲ. ಆರಿಸಿದ ಶ್ರಮವೂ ಅವನದೇ. ಆದರೂ ಆ ದಿನದ ಹೆಚ್ಚಳಕ್ಕೆ ಕಾರಣ ಅವನ ಕೈಯಾಗಿರಲಿಲ್ಲ, ಚೆಲ್ಲಿದವರ ಕೈಯಾಗಿತ್ತು. ತನ್ನ ದುಡಿಮೆಯಿಂದ ಬಂದದ್ದೆಷ್ಟು, ಇನ್ನೊಬ್ಬರು ಚೆಲ್ಲಿದ್ದರಿಂದ ಬಂದದ್ದೆಷ್ಟು ಎಂದು ಬೇರೆ ಮಾಡಿ ನೋಡುವ ಕಣ್ಣು ಲಕ್ಕಮ್ಮನಿಗೆ ಇತ್ತು.

ಆ ಕಣ್ಣಿನಿಂದ ತಾರಿಹಾಳದ ಮನೆಯನ್ನು ನೋಡಿದರೆ ಬಾಡಿಗೆಯಲ್ಲಿ ಎರಡು ಪಾಲು ಕಾಣುತ್ತವೆ. ಒಂದು, ಮಾಲೀಕ ನಿಜವಾಗಿ ಕೊಡುವುದಕ್ಕೆ ಸಿಗುವ ಪ್ರತಿಫಲ: ಸೋರದ ಮಾಳಿಗೆ, ಬೀಗ ಬೀಳುವ ಬಾಗಿಲು, ಬೇಸಿಗೆಯಲ್ಲೂ ಬತ್ತದ ಟ್ಯಾಂಕು, ಕೆಟ್ಟದ್ದನ್ನು ವಾರದೊಳಗೆ ರಿಪೇರಿ ಮಾಡಿಸುವ ತಾಕತ್ತು. ಇದು ಕಾಯಕವೇ, ಇದಕ್ಕೆ ಹಣ ಪಡೆಯಲು ಯಾರೂ ನಾಚಬೇಕಾಗಿಲ್ಲ. ಇನ್ನೊಂದು, ಊರು ಬೆಳೆದದ್ದಕ್ಕೆ ಸಿಗುವುದು. ಇದು ಚೆಲ್ಲಿದ ಅಕ್ಕಿ. ವಿಚಿತ್ರವೆಂದರೆ ಈ ಎರಡನೆಯ ಪಾಲನ್ನು ಹುಟ್ಟಿಸುವವರಲ್ಲಿ ಬಾಡಿಗೆದಾರನೇ ಮೊದಲಿಗ. ಅವನು ಬಂದದ್ದಕ್ಕೆ ಕಿರಾಣಿ ಅಂಗಡಿ ಬಂತು, ಅಂಗಡಿ ಬಂದದ್ದಕ್ಕೆ ಆಟೋ ಬಂತು, ಖಾನಾವಳಿ ಬಂತು, ಜನ ಇದ್ದಾರೆಂದು ಬಸ್ಸು ಬಂತು. ಇವೆಲ್ಲ ಬಂದವಲ್ಲ ಎಂದು ಮುಂದಿನ ಕರಾರಿನಲ್ಲಿ ಅವನ ಬಾಡಿಗೆಯೇ ಏರಿತು. ಏರಿದ್ದನ್ನು ತಾಳಲಾರದವನು ಇನ್ನೂ ದೂರದ, ಇನ್ನೂ ಬೆಳೆಯದ ಊರಿಗೆ ಗಂಟುಮೂಟೆ ಕಟ್ಟುತ್ತಾನೆ. ಅಲ್ಲಿಯೂ ಇಷ್ಟರಲ್ಲೇ ಏಜೆಂಟ ಬರುತ್ತಾನೆ.

ಆದಾಯ ತೆರಿಗೆಯ ಕಾನೂನು ಈ ವಿಷಯದಲ್ಲಿ ಮಾಲೀಕನನ್ನು ಮಾಲೀಕನಿಗಿಂತ ಹೆಚ್ಚು ನಂಬಿದೆ. ಬಾಡಿಗೆಯ ವರಮಾನದಲ್ಲಿ ಪಾಲಿಕೆಯ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 30ರಷ್ಟನ್ನು ನೇರವಾಗಿ ಬಿಟ್ಟುಕೊಡುತ್ತಾರೆ, ಮನೆಯ ದುರಸ್ತಿ, ನಿರ್ವಹಣೆಗೆ ಎಂದು. ರಸೀದಿ ಕೇಳುವುದಿಲ್ಲ. ಸುಣ್ಣ ಹಚ್ಚಿಸಿದರೂ 30, ಹಚ್ಚಿಸದಿದ್ದರೂ 30. ಅಂದರೆ ಪ್ರತಿಯೊಬ್ಬ ಮಾಲೀಕನೂ ಬಾಡಿಗೆಯ ಮೂರನೇ ಒಂದು ಪಾಲಿನ ಹತ್ತಿರ ಹತ್ತಿರ ಮನೆಗೇ ಹಾಕುತ್ತಾನೆಂದು ದೇಶ ಭಾವಿಸಿಕೊಂಡಿದೆ. ಗೋಡೆಯ ಹಸಿಯನ್ನು ಕ್ಯಾಲೆಂಡರಿನಿಂದ ಮುಚ್ಚಿಕೊಂಡು ಬದುಕುವ ಬಾಡಿಗೆದಾರರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಮನೆ ಕೇಳಲು ಹೋದವನಿಗೆ ನಮ್ಮ ಕಡೆ ಬರುವ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನೀವು ಯಾರ ಪೈಕಿರಿ?" ಎಂಬುದು. ಎರಡನೆಯದು, "ತಿನ್ನೋದು ಗಿನ್ನೋದು ಏನರೆ ಐತೇನು?" ಕೇಳುವ ದನಿಯಲ್ಲಿ ಗಡಸು ಇರುವುದಿಲ್ಲ, ಚಹಾ ಕೊಟ್ಟೇ ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ "ನಮ್ಮ ಸಂಬಂಧಿಕ್ರು ಬರೋರದಾರ, ಮುಂದಿನ ವಾರ ಹೇಳ್ತೇವ್ರಿ" ಎಂದು ನಯವಾಗಿ ಬಾಗಿಲು ಹಾಕುತ್ತಾರೆ. ಆ ಮುಂದಿನ ವಾರ ಬರುವುದೇ ಇಲ್ಲ. ಒಂಟಿ ಹೆಣ್ಣುಮಗಳಿಗೆ ಈ ಪ್ರಶ್ನೆಗಳ ಪಟ್ಟಿ ಇನ್ನೂ ಉದ್ದ. ಹಿಂದಿ ಮಾತಾಡುವ ಹುಡುಗರಿಗೆ ಮನೆ ಕೊಡುತ್ತಾರೆ, ಆದರೆ ಇಬ್ಬರಿರುವ ಕೋಣೆಯಲ್ಲಿ ಆರು ಮಂದಿಯನ್ನು ತುಂಬಿ ತಲೆಗಿಷ್ಟು ಎಂದು ಎಣಿಸುತ್ತಾರೆ. ಲಾಭದ ಲೆಕ್ಕದಲ್ಲಿ ಜಾತಿಯನ್ನು ಮರೆಯುವುದೂ ಉಂಟು, ಜಾತಿಯ ಲೆಕ್ಕದಲ್ಲಿ ಲಾಭವನ್ನೇ ಬಿಡುವುದೂ ಉಂಟು. ಬಂಡವಾಳ ಹೂಡಿಕೆ ಎಂದು ಶುರುವಾದದ್ದು ಹೀಗೆ ಯಾರು ನಮ್ಮ ಊರಿನಲ್ಲಿ ಇರಬಹುದು, ಯಾರು ಇರಬಾರದು ಎಂದು ತೀರ್ಮಾನಿಸುವ ಅಧಿಕಾರವಾಗಿ ಬೆಳೆಯುತ್ತದೆ. ನಾಲ್ಕು ಕೋಣೆ ಕಟ್ಟಿದವನಿಗೆ ಆ ಅಧಿಕಾರವನ್ನು ಕೊಟ್ಟವರು ಯಾರು ಎಂದು ನಾವು ಕೇಳಿಕೊಂಡೇ ಇಲ್ಲ.

ಈಚೆಗೆ ಒಂದು ಸಲ ಸರಕಾರ ಮಾಲೀಕ, ಬಾಡಿಗೆದಾರರ ನಡುವೆ ಕೈಹಾಕಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕಾರ್ಖಾನೆಗಳೆಲ್ಲ ಮುಚ್ಚಿದಾಗ ಕೇಂದ್ರ ಗೃಹ ಸಚಿವಾಲಯ 29ನೇ ತಾರೀಕು ಒಂದು ಆದೇಶ ಹೊರಡಿಸಿತು: ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ, ವಲಸೆ ಬಂದವರಿಂದಲೂ, ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು. ದೇಶದ ರಸ್ತೆಗಳಲ್ಲಿ ಆ ದಿನಗಳಲ್ಲಿ ನಡೆದುಹೋದವರನ್ನು ನೆನೆದರೆ ಆ ಆದೇಶ ಎಷ್ಟು ಬಾಗಿಲುಗಳಿಗೆ ಮುಟ್ಟಿತು ಎಂಬುದು ಗೊತ್ತಾಗುತ್ತದೆ. ಅದೇ ವರ್ಷ ಜುಲೈನಲ್ಲಿ ವಲಸೆ ಕಾರ್ಮಿಕರಿಗೆಂದು ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮರುವರ್ಷ ಮಾದರಿ ಬಾಡಿಗೆ ಕಾಯ್ದೆ ಬಂತು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ಪಡೆಯಬಾರದು ಎಂಬುದು ಅದರಲ್ಲಿತ್ತು. ಮಾದರಿ ಎಂದರೆ ರಾಜ್ಯಗಳು ಬೇಕಾದರೆ ಒಪ್ಪಬಹುದು, ಬೇಡವಾದರೆ ಬಿಡಬಹುದು.

ದೇಹವೇ ಒಂದು ಬಾಡಿಗೆ ಮನೆ ಎಂಬ ಮಾತನ್ನು ನಮ್ಮ ಮಠಗಳ ಪ್ರವಚನದಲ್ಲಿ ಕೇಳದವರಿಲ್ಲ. ಸಿದ್ಧಾರೂಢರ ಊರಿನಲ್ಲಿ ವೇದಾಂತಕ್ಕೆ ಬರವೇ? ತಲೆದೂಗಿ ಕೇಳಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು, ದಾರಿಯಲ್ಲಿ ಬಾಡಿಗೆದಾರನಿಗೆ ಫೋನು ಹಚ್ಚಿ ಐದನೇ ತಾರೀಕು ದಾಟಿತಲ್ಲ ಎಂದು ಗದರುತ್ತೇವೆ. ಆ ಉಪಮೆಯನ್ನು ಯಾವತ್ತೂ ಮಾಲೀಕನೇ ಬಳಸುತ್ತಾನೆ ಎಂಬುದು ನನ್ನ ದೂರು. ನಿಜವಾಗಿ ಬಾಡಿಗೆ ಮನೆಯಲ್ಲಿರುವವನಿಗೆ ಅದು ಉಪಮೆಯಲ್ಲ, ಹನ್ನೊಂದನೆಯ ತಿಂಗಳು.

ತಾರಿಹಾಳದಲ್ಲಿ ಮನೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಯಾರೂ ಕಟ್ಟದಿದ್ದರೆ ಇರುವ ಮನೆಗಳ ಬಾಡಿಗೆ ಇನ್ನೂ ಏರುತ್ತದೆ, ಆರು ಮಂದಿಯ ಕೋಣೆಯಲ್ಲಿ ಎಂಟು ಮಂದಿ ಆಗುತ್ತಾರೆ. ಏರಿದ ಬೆಲೆಯನ್ನು ಸರಕಾರಕ್ಕೆ ಒಪ್ಪಿಸಿ ಎಂದೂ ಹೇಳುವುದಿಲ್ಲ, ಹೇಳಿದರೆ ಕೇಳುವವರು ಯಾರು? ಆದರೆ ಅದು ನನ್ನ ಚಾಣಾಕ್ಷತನದ ಸಂಪಾದನೆ ಎಂದು ಎದೆ ತಟ್ಟಿಕೊಳ್ಳುವುದನ್ನು ಬಿಡಬಹುದು. ಬಿಟ್ಟವನಿಗೆ ಬಾಡಿಗೆದಾರನ ಜೊತೆ ಮಾತಾಡುವ ದನಿ ತಾನಾಗಿ ಬದಲಾಗುತ್ತದೆ ಎಂದು ನನಗೆ ಅನಿಸುತ್ತದೆ.

ಜಾಗ ನೋಡಲು ಹೋಗುವವರು ಎನ್‌ಎ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ಮಂಜೂರು ಮಾಡಿದ ನಕ್ಷೆ, ಇ-ಖಾತೆ, ಋಣಭಾರ ಪತ್ರ ಎಲ್ಲವನ್ನೂ ನೋಡಿ, ವಕೀಲರಿಗೂ ತೋರಿಸಿ. ಆಮೇಲೆ ಏಜೆಂಟನನ್ನು ಕಳಿಸಿಬಿಟ್ಟು, ಅದೇ ಓಣಿಯಲ್ಲಿ ಈಗಾಗಲೇ ಬಾಡಿಗೆಗೆ ಇರುವ ಒಂದು ಮನೆಯ ಬಾಗಿಲು ತಟ್ಟಿ. ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ, ಮಳೆ ಬಂದರೆ ಓಣಿಯಲ್ಲಿ ಕಾಲಿಡಲು ಬರ್ತದೇನ್ರಿ, ರಾತ್ರಿ ಪಾಳಿ ಮುಗಿಸಿ ಹೆಣ್ಣುಮಕ್ಕಳು ಹೆಂಗ ಬರ್ತಾರ್ರಿ, ಹೋದ ವರ್ಷ ಬಾಡಿಗೆ ಎಷ್ಟು ಏರಿಸಿದರು, ಏನು ಹೇಳಿ ಏರಿಸಿದರು ಎಂದು ಕೇಳಿ. ನಂತರ ಮನೆಗೆ ಬಂದು ಲೆಕ್ಕ ಹಾಕುವಾಗ, ತೆರಿಗೆಯವರು ಬಿಟ್ಟುಕೊಟ್ಟ ಆ 30ರ ಪಾಲನ್ನು ನಿಮ್ಮ ಲಾಭದಿಂದ ತೆಗೆದು ಬೇರೆ ಪಾಸ್‌ಬುಕ್ಕಿನಲ್ಲಿ ಇಡಿ. ವರ್ಷಕ್ಕೆ 2 ಲಕ್ಷ 40 ಸಾವಿರ ಬಾಡಿಗೆಯಾದರೆ ಸುಮಾರು 70 ಸಾವಿರ. ಅದನ್ನು ಪ್ರತಿವರ್ಷ ಆ ಮನೆಗೇ ಖರ್ಚು ಮಾಡಿಯೂ ಲೆಕ್ಕ ಕೂಡುತ್ತದೆ ಎನಿಸಿದರೆ ಕೊಳ್ಳಿ. ಕೂಡದಿದ್ದರೆ ಬ್ಯಾಂಕಿನ ಠೇವಣಿಯೇ ನಿಮಗೆ ಸರಿ.